ಹತ್ತು ಗಂಟೆ ದುಡಿಮೆಯ ಕಾನೂನು ಬಂದರೂ ಗಿರಣಿಯಲ್ಲಿ ಗಂಟೆ ಯಾಕೆ ಇಳಿಯಲಿಲ್ಲ?

ನೂಲೆಳೆ:
ಅಮೆರಿಕದ ನ್ಯೂ ಹ್ಯಾಂಪ್‌ಶೈರ್ 1847ರಲ್ಲೇ ದಿನಕ್ಕೆ ಹತ್ತು ಗಂಟೆ ಅಂತ ಕಾನೂನು ಮಾಡಿತ್ತು. ಆದರೂ ಬಟ್ಟೆ ಗಿರಣಿಗಳಲ್ಲಿ ಏನೂ ಬದಲಾಗಲಿಲ್ಲವಂತೆ. ಎಡವಟ್ಟಾಗಿದ್ದು ಎಲ್ಲಿ? ಇನ್ನೊಂದು, ಪಕ್ಕದ ಮ್ಯಾಸಚೂಸೆಟ್ಸ್‌ನ ಲೋವೆಲ್ ಗಿರಣಿ ಹೆಣ್ಣುಮಕ್ಕಳಿಗೆ ಮತವೇ ಇರಲಿಲ್ಲ. ಅವರು ಸರ್ಕಾರದ ಮೇಲೆ ಒತ್ತಡ ತಂದದ್ದು ಹೇಗೆ?

ಹಳೇಕಡತ:
ಎಡವಟ್ಟು ಕಾನೂನಿನ ಬಾಲದಲ್ಲೇ ಇತ್ತು. 'ಬೇರೆ ಕರಾರು ಇಲ್ಲದಿದ್ದರೆ' ಹತ್ತು ಗಂಟೆ. ಜಾರಿಗೆ ಬರುವ ಮೊದಲೇ ಗಿರಣಿಯವರು ಹೆಚ್ಚು ಗಂಟೆ ದುಡಿಯುವ ಕರಾರುಪತ್ರ ಮುಂದಿಟ್ಟರು. ಸಹಿ ಹಾಕದಿದ್ದರೆ ಕೆಲಸ ಇಲ್ಲ. ಮರುವರ್ಷ ಪೆನ್ಸಿಲ್ವೇನಿಯಾದ ಕಾನೂನಿಗೂ ಇಂಥದ್ದೇ ಬಾಲ. ಇವನ್ನು ಕಾನೂನು ಅನ್ನುವುದಕ್ಕಿಂತ ಸಲಹೆ ಅನ್ನಬಹುದು.

ಲಾಳಿ:
ಲೋವೆಲ್‌ನವರ ದಾರಿ ಅರ್ಜಿ. ಮತ ಇಲ್ಲದವರೂ ಶಾಸನಸಭೆಗೆ ಅರ್ಜಿ ಹಾಕಬಹುದಿತ್ತು. 1844ರ ಡಿಸೆಂಬರ್‌ನಲ್ಲಿ ಮಹಿಳಾ ಕಾರ್ಮಿಕರ ಸುಧಾರಣಾ ಸಂಘ ಕಟ್ಟಿದರು. ಮುಂದಾಳು ಸಾರಾ ಬ್ಯಾಗ್ಲಿ. ಹತ್ತು ಗಂಟೆಯ ಕಾನೂನು ಕೇಳಿ ಸುಮಾರು 2,000 ಸಹಿಯ ಅರ್ಜಿ ಹೋಯಿತು. ಸಹಿ ಸಾಲದು, ನೀವೇ ಬಂದು ಸಾಕ್ಷಿ ಹೇಳಬೇಕು ಅಂದರು ಅರ್ಜಿ ವಿಚಾರಿಸುವ ಶಾಸನಸಭಾ ಸಮಿತಿಯವರು. 1845ರ ಫೆಬ್ರವರಿಯಲ್ಲಿ ಹೆಣ್ಣುಮಕ್ಕಳು ಬಂದೇ ಬಂದರು.

ಎಲೈಜಾ ಹೆಮಿಂಗ್ವೆ ಎಂಬ ನೇಕಾರ್ತಿಯ ಹೇಳಿಕೆ ನೋಡಿ. ಬೇಸಿಗೆಯಲ್ಲಿ ಬೆಳಗಿನ 5ರಿಂದ ಸಂಜೆ 7. ತಿಂಡಿಗೆ ಅರ್ಧ ಗಂಟೆ, ಊಟಕ್ಕೆ ಮುಕ್ಕಾಲು ಗಂಟೆ. ಅಂದರೆ ನಿವ್ವಳ ದುಡಿಮೆಯೇ ಹನ್ನೆರಡೂ ಮುಕ್ಕಾಲು ಗಂಟೆ. ಕತ್ತಲಲ್ಲಿ ಕೆಲಸ ಇದ್ದರೆ ಅವಳು ದುಡಿಯುವ ಒಂದೇ ಕೋಣೆಯಲ್ಲಿ 293 ಸಣ್ಣ ದೀಪ, 61 ದೊಡ್ಡ ದೀಪ ಉರಿಯುತ್ತಿದ್ದವು, ನೂರೈವತ್ತಕ್ಕೂ ಹೆಚ್ಚು ಜನರ ನಡುವೆ. ಗಾಳಿ ಹೇಗಿತ್ತು ಅಂತ ಬೇರೆ ಕೇಳಬೇಕೇ?

ಸಮಿತಿಯವರು ಗಿರಣಿಗೆ ಹೋಗಿ ಅಂಗಳದ ಹೂಗಿಡ ಮೆಚ್ಚಿಕೊಂಡರು. ತೊಂದರೆ ಇದೆ, ಮದ್ದು ನಮ್ಮ ಕೈಲಿಲ್ಲ ಅಂತ ವರದಿ ಬರೆದರು. ಅಧ್ಯಕ್ಷ ವಿಲಿಯಂ ಷೌಲರ್ ಲೋವೆಲ್‌ನ ಪ್ರತಿನಿಧಿಯೇ. ಸಂಘದವರು ಅವನ ವಿರುದ್ಧ ಪ್ರಚಾರ ಮಾಡಿದರು. ಆ ವರ್ಷದ ಚುನಾವಣೆಯಲ್ಲಿ ಸೋತ.

ಹಳೇಕಡತ:
ಮ್ಯಾಸಚೂಸೆಟ್ಸ್‌ನಲ್ಲಿ ಕಾನೂನು ಬಂದದ್ದು 1874ರಲ್ಲಿ. ಹೆಂಗಸರಿಗೆ ಮತ್ತು 18ರ ಒಳಗಿನವರಿಗೆ ದಿನಕ್ಕೆ 10, ವಾರಕ್ಕೆ 60 ಗಂಟೆ. ಕರಾರಿನ ಬಾಲ ಇರಲಿಲ್ಲ. ಆದರೆ 'ಬೇಕೆಂದೇ' ಮೀರಿದರೆ ಮಾತ್ರ ದಂಡ, ಅದೂ ಹೆಚ್ಚೆಂದರೆ 50 ಡಾಲರ್. ಮಾಲೀಕ ಬೇಕೆಂದೇ ಮೀರಿದ ಅಂತ ಸಾಬೀತು ಮಾಡುವವರು ಯಾರು? 1879ರಲ್ಲಿ ಆ ಪದ ಕಿತ್ತುಹಾಕಿದ ಮೇಲೆಯೇ ಅದಕ್ಕೆ ಹಲ್ಲು ಬಂದದ್ದು. ನಡುವೆ, 1876ರಲ್ಲಿ, ಲೋವೆಲ್‌ನ ಹ್ಯಾಮಿಲ್ಟನ್ ಗಿರಣಿ ಕಂಪನಿ, ಎಷ್ಟು ಗಂಟೆ ಅನ್ನುವುದು ಕರಾರು ಮಾಡಿಕೊಳ್ಳುವವರ ಸ್ವಾತಂತ್ರ್ಯ ಅಂತ ವಾದ ಹೂಡಿ ರಾಜ್ಯದ ಉಚ್ಚ ನ್ಯಾಯಾಲಯದಲ್ಲಿ ಸೋತಿತ್ತು.

ನೂಲೆಳೆ:
ಗಂಟೆ ಇಳಿಸಿದರೆ ತಲೆಗೆ ಇನ್ನೊಂದು ಮಗ್ಗ ಹೇರಬಹುದಲ್ಲ?

ಲಾಳಿ:
ಕಾನೂನು ಇಲ್ಲದಿರುವಾಗಲೇ ಹೇರಲು ನೋಡಿದರು. 1846ರಲ್ಲಿ ಲೋವೆಲ್‌ನ ಒಂದು ಗಿರಣಿ ಮೂರು ಮಗ್ಗದ ಬದಲು ನಾಲ್ಕು ನೋಡಿಕೊಳ್ಳಿ ಅಂದಿತು, ಜೊತೆಗೆ ನೇಯ್ದ ಒಂದೊಂದು ತುಂಡು ಬಟ್ಟೆಯ ಕೂಲಿಯಲ್ಲಿ ಒಂದು ಸೆಂಟ್ ಕಡಿತ. ಕೂಲಿ ಇಳಿಸಿದರೆ ನಾಲ್ಕನೇ ಮಗ್ಗ ಮುಟ್ಟುವುದಿಲ್ಲ ಅಂತ ನೇಕಾರ್ತಿಯರು ಪ್ರತಿಜ್ಞಾಪತ್ರ ಬರೆದರು. ಸಹಿ ಹಾಕಿ ಮಾತು ತಪ್ಪಿದವಳ ಹೆಸರನ್ನು ಕಾರ್ಮಿಕರ ಪತ್ರಿಕೆಯಲ್ಲಿ ದ್ರೋಹಿ ಅಂತ ಅಚ್ಚು ಹಾಕುವುದು ಎಂಬ ಷರತ್ತೂ ಅದರಲ್ಲಿತ್ತು. ಹೆಚ್ಚುಕಡಿಮೆ ಎಲ್ಲರೂ ಸಹಿ ಹಾಕಿದರು, ಗಿರಣಿ ಆದೇಶ ವಾಪಸ್ ತೆಗೆದುಕೊಂಡಿತು.