ಓದುಗರ ಸ್ಪಂದನ: ಕ್ಯಾನ್ಸರ್‌ಗೆ ಕೀಮೋ ಶುರುವಾದ್ಮೇಲೆ ಅಮ್ಮಂಗೆ ಯಾವ ವಾಸನೆನೂ ಸಹಿಸೋಕಾಗ್ತಿಲ್ಲ, ಊಟನೂ ರುಚಿಸ್ತಿಲ್ಲ, ಅರೋಮಾ ಆಯಿಲ್ ಇಡಬಹುದಾ?

ಮೈಸೂರಿನಿಂದ ಒಬ್ಬರು

ತಂಗಿ, ಹೊಸ ಎಣ್ಣೆ ತರೋಕೆ ಮುಂಚೆ ಮನೇಲಿ ಈಗಾಗ್ಲೇ ಇರೋ ವಾಸನೆ ಕಮ್ಮಿ ಮಾಡಿ. ನಮ್ಮನೇಲಿ ಬೆಳಿಗ್ಗೆ ಸಂಜೆ ಊದುಬತ್ತಿ ಹಚ್ಚಲೇಬೇಕು, ನಮ್ಮತ್ತೆಗೆ ಕೀಮೋದ ಎರಡನೇ ಸೈಕಲ್ (ಎರಡನೇ ಸುತ್ತು) ಆದ್ಮೇಲೆ ಅದೇ ಹೊಗೆಗೆ ಹೊಟ್ಟೆ ತೊಳಸ್ತಿತ್ತಂತೆ, ದೇವರ ವಿಷ್ಯ ಅಲ್ವಾ, ಬಾಯ್ಬಿಟ್ಟು ಹೇಳ್ದೆ ಗೋಡೆ ಕಡೆ ತಿರುಗಿ ಮಲಗ್ತಿದ್ರು. ನಂಗೆ ಗೊತ್ತಾಗೋಕೆ ಹತ್ತು ದಿನ ಹಿಡೀತು, ಇವತ್ತಿಗೂ ಅದು ಮನಸ್ಸಿಗೆ ಚುಚ್ಚುತ್ತೆ. ಬರೀ ದೀಪ ಹಚ್ಚಿ, ಸಾಕು. ಒಗ್ಗರಣೆ ಹಾಕುವಾಗ ಅಮ್ಮನ ರೂಮ್ ಬಾಗ್ಲು ಹಾಕಿಡಿ, ಕುಕ್ಕರ್ ಮುಚ್ಚಳ ಅವರ ಹತ್ರ ತೆಗೀಬೇಡಿ.

ದೇವರಾಜ ಮಾರ್ಕೆಟ್‌ನಿಂದ ನಾನೂ ಪುಟ್ಟ ಬಾಟ್ಲಿಲಿ ಮಲ್ಲಿಗೆ ಎಣ್ಣೆ ತಂದಿದ್ದೆ. ಜೀವಮಾನ ಪೂರ್ತಿ ಮಲ್ಲಿಗೆ ಮುಡಿದೋರು ನಮ್ಮತ್ತೆ, ಅದನ್ನ ದೂರ ತಳ್ಳಿದ್ರು. ಕೊನೆಗೆ ಹಿಡಿಸಿದ್ದು ನಿಂಬೆಹಣ್ಣಿನ ಸಿಪ್ಪೆ, ಉಗುರಲ್ಲಿ ಗೀರಿ ಮೂಗಿನ ಹತ್ರ ಹಿಡ್ಕೊಳ್ಳೋರು ಅಷ್ಟೇ. ಅದ್ಕೆ ಹೇಳೋದು, ವಾಸನೆ ಹರಡೋ ಡಿಫ್ಯೂಸರ್ ಇಟ್ಟು ರೂಮ್ ತುಂಬಾ ಬಿಡ್ಬೇಡಿ, ಹತ್ತಿಗೆ ಒಂದೇ ತೊಟ್ಟು ಹಾಕಿ ಅವರ ಕೈಗೇ ಕೊಡಿ, ಬೇಡ ಅನ್ಸಿದ್ರೆ ಎಸೀಲಿ. ಪುದೀನ, ಶುಂಠಿ ವಾಸನೆಯಿಂದ ವಾಕರಿಕೆ ತಗ್ಗಿತು ಅನ್ನೋರು ಇದಾರೆ, ಎಲ್ರಿಗೂ ಅಲ್ಲ. ಇಂಥ ವಾಸನೆಯಿಂದ ಹೋದ ರುಚಿ ವಾಪಸ್ ಬರುತ್ತೆ ಅನ್ನೋಕೆ ಮಾತ್ರ ಗಟ್ಟಿ ಪುರಾವೆ ಇಲ್ಲ. ಎಣ್ಣೆನ ಕುಡಿಯೋದು, ನಾಲಿಗೆಗೆ ಹಚ್ಚೋದು ಖಂಡಿತಾ ಬೇಡ. ಉಬ್ಬಸ ಇದ್ರೆ ಮೂಸೋಕೂ ಮುಂಚೆ ಡಾಕ್ಟ್ರನ್ನ ಕೇಳಿ.

ಶ್ರೀರಂಗಪಟ್ಟಣದಿಂದ

ಸ್ಟೀಲ್ ಚಮಚ ಬಿಟ್ಟು ಪ್ಲಾಸ್ಟಿಕ್ದೋ ಮರದ್ದೋ ಕೊಡಿ, ಕೀಮೋಲಿ ಬಾಯಿಗೆ ಬರೋ ಲೋಹದ ರುಚಿ ಸ್ವಲ್ಪ ಕಮ್ಮಿ ಅನ್ಸುತ್ತೆ. ಊಟಕ್ಕೆ ಮುಂಚೆ 1 ಲೀಟರ್ ನೀರಿಗೆ 1 ಟೀ ಚಮಚ ಉಪ್ಪು, 1 ಟೀ ಚಮಚ ಅಡುಗೆ ಸೋಡಾ ಹಾಕಿ ಬಾಯಿ ಮುಕ್ಕಳಿಸ್ಲಿ, ನುಂಗೋದು ಬೇಡ. ಬಿಸಿ ಊಟಕ್ಕಿಂತ ಆರಿದ್ದು ವಾಸನೆ ಕಮ್ಮಿ, ನಮ್ಮಣ್ಣ ಮೊಸರನ್ನದಲ್ಲೇ ದಿನ ದೂಡಿದ್ರು. ಬಾಯಿ ಹುಣ್ಣಾಗಿದ್ರೆ ನಿಂಬೆ, ಹುಳಿ ಕೊಡ್ಬೇಡಿ. ತೂಕ ಇಳೀತಿದ್ರೆ ಮುಂದಿನ ಡೇಟ್‌ವರ್ಗೂ ಕಾಯದೆ ಆಸ್ಪತ್ರೆಗೆ ಫೋನ್ ಮಾಡಿ.

ಮಂಡ್ಯದಿಂದ

ಉಣ್ಣಲ್ಲ ಅಂತ ಅಮ್ಮಂಗೆ ದಯವಿಟ್ಟು ಬೈಬೇಡ ಕಣಮ್ಮ. ನಂಗೂ ಕೀಮೋ ಆಗಿತ್ತು, ಬಾಯಲ್ಲಿ ಯಾವಾಗ್ಲೂ ತುಕ್ಕು ಕಬ್ಬಿಣ ನೆಕ್ಕಿದಂಗೆ, ಬಸ್ಸಾರು ಮುದ್ದೆ ಅಂದ್ರೆ ಪ್ರಾಣ ಬಿಡ್ತಿದ್ದೋಳು ಅದರ ಘಾಟಿಗೇ ಸೆರಗು ಮುಚ್ಕೊಂಡು ಹಿತ್ತಲಿಗೆ ಹೋಗ್ತಿದ್ದೆ, ಮನೆಯೋರು ಬೇಕಂತ ಮಾಡ್ತಾಳೆ ಅಂದ್ರು. ಆಸ್ಪತ್ರೆ ಸಿಸ್ಟರ್ ಒಬ್ರು ಕೂರಿಸ್ಕೊಂಡು ಹೇಳಿದ್ರು, ನಾಲಿಗೆ ಮೇಲೆ ರುಚಿ ಹಿಡಿಯೋ ಜೀವಕೋಶಗಳು ಹತ್ತು ಹದಿನೈದು ದಿನಕ್ಕೆ ಹೊಸದಾಗಿ ಹುಟ್ತಾ ಇರ್ತವೆ, ಕೀಮೋ ಹಂಗೆ ಬೇಗ ಬೆಳೆಯೋವನ್ನೇ ಹೊಡೀತದೆ, ಕೂದಲು ಉದುರೋದೂ ಅದ್ಕೇ ಅಂತ. ನಮ್ಮ ಯಜಮಾನ್ರೂ ಅದನ್ನ ಕೇಳುಸ್ಕೊಂಡ್ರು, ಆಮೇಲೆ ಯಾರೂ ಏನೂ ಅನ್ಲಿಲ್ಲ.

ಇನ್ನೊಂದು, ಅಮ್ಮಂಗೆ ತುಂಬಾ ಇಷ್ಟದ ತಿಂಡಿನ ಕೀಮೋ ದಿನ ಕೊಡ್ಬೇಡ. ಅವತ್ತಿನ ವಾಕರಿಕೆ ಆ ತಿಂಡಿಗೇ ಅಂಟ್ಕೊಂಬಿಡ್ತದೆ, ನಂಗೆ ಇಡ್ಲಿ ಹಂಗೇ ದೂರ ಆಗೋಯ್ತು.

ಕೊನೇ ಸೈಕಲ್ ಆಗಿ ಮೂರು ತಿಂಗ್ಳಾಗಿತ್ತು. ಮದ್ದೂರು ಕಡೆಯಿಂದ ಬರುವಾಗ ಆಲೆಮನೆ ಹತ್ರ ಬೆಲ್ಲ ಕಾಯ್ತಿದ್ದ ವಾಸನೆ ಬಂತು, ಬೆಲ್ಲದ್ದೇ ವಾಸನೆ, ಮೊದಲಿನಂಗೇ. ಆಟೋ ನಿಲ್ಲಿಸಿ ಒಂದು ಅಚ್ಚು ತಗೊಂಡು ಅಲ್ಲೇ ನಿಂತ್ಕೊಂಡು ತಿಂದೆ.