ಸಹಾಯ ಬೇಕು: ಮೂಳೆ ಸಹಿತ ಮಟನ್ನಲ್ಲಿ ತಿನ್ನುವ ಮಾಂಸ ಎಷ್ಟು?

ರಕ್ತಹೀನತೆ ಇರುವ ಹೆಣ್ಣುಮಕ್ಕಳಿಗಾಗಿ, ಮಾಂಸ ತಿನ್ನುವ ಮನೆಗಳಿಗೆ ಹೊಂದುವ ಒಂದು ಪುಟದ ಆಹಾರ ಪಟ್ಟಿ ಮಾಡುತ್ತಿದ್ದೇವೆ. ಅಳತೆಯಲ್ಲಿ ಸಿಕ್ಕಿಹಾಕಿಕೊಂಡಿದ್ದೇವೆ.

ಪೋಷಕಾಂಶದ ಕೋಷ್ಟಕಗಳು ಮೂಳೆಯಿಲ್ಲದ 100 ಗ್ರಾಂ ಮಾಂಸದ ಲೆಕ್ಕ ಕೊಡುತ್ತವೆ. ನಮ್ಮಲ್ಲಿ ಕೊಳ್ಳುವುದು ಮೂಳೆ ಸಹಿತ. ಬೆಂದಾಗ ಮಾಂಸದ ತೂಕ ಸುಮಾರು ಕಾಲುಭಾಗ ಇಳಿಯುತ್ತದೆ ಬೇರೆ. ಹಾಗಾಗಿ "ಕಾಲು ಕಿಲೋ ತನ್ನಿ" ಎಂದು ಬರೆದರೆ ತಟ್ಟೆಗೆ ಬೀಳುವುದು ಎಷ್ಟೆಂದು ಯಾರಿಗೂ ತಿಳಿಯದು.

ಲೆಕ್ಕ ಸರಿಯಿರಲೇಬೇಕು. ಮಾಂಸದಲ್ಲಿರುವ ಹೀಮ್ ಕಬ್ಬಿಣ (ಪ್ರಾಣಿಗಳ ರಕ್ತ, ಸ್ನಾಯುವಿನಲ್ಲಿರುವ ಬಗೆಯ ಕಬ್ಬಿಣ) ಸೊಪ್ಪು, ಕಾಳಿನ ಕಬ್ಬಿಣಕ್ಕಿಂತ ಚೆನ್ನಾಗಿ ಹೀರಲ್ಪಡುತ್ತದೆ. ಮಾಂಸವು ಜೊತೆಗೆ ಉಂಡ ರಾಗಿಮುದ್ದೆ, ಸೊಪ್ಪಿನ ಕಬ್ಬಿಣವನ್ನೂ ದೇಹ ಹೆಚ್ಚು ಹೀರುವಂತೆ ಮಾಡುತ್ತದೆ. ಬಿ12, ಸತುವು, ಪೂರ್ಣ ಪ್ರೋಟೀನ್ ಕೂಡ ಸಿಗುತ್ತವೆ. ಆದರೆ ಮೇಲ್ಮಿತಿಯೂ ಇದೆ: ಕ್ಯಾನ್ಸರ್ ತಡೆಗಾಗಿ ಹೇಳುವ ಮಿತಿ ವಾರಕ್ಕೆ ಬೆಂದ ಕೆಂಪು ಮಾಂಸ (ಮಟನ್ ಕೂಡ ಇದರಲ್ಲೇ ಸೇರುತ್ತದೆ) 350ರಿಂದ 500 ಗ್ರಾಂ.

ಕಾಲು ಸೂಪಿನಿಂದ ರಕ್ತ ಏರುತ್ತದೆ ಎಂಬ ನಂಬಿಕೆಗೂ ಪಟ್ಟಿಯಲ್ಲಿ ಉತ್ತರಿಸುತ್ತೇವೆ. ಅದರಲ್ಲಿ ಜೆಲಟಿನ್ (ಮೂಳೆ, ಚರ್ಮ ಬೇಯಿಸಿದಾಗ ಬರುವ ಅಂಟಿನಂಥ ಪ್ರೋಟೀನ್) ಹೆಚ್ಚು, ಕಬ್ಬಿಣ ಅತ್ಯಲ್ಪ. ಈಲಿ (ಲಿವರ್) ನಿಜಕ್ಕೂ ಸತ್ವಯುತ, ಆದರೆ ವಿಟಮಿನ್ ಎ ವಿಪರೀತ ಇರುವುದರಿಂದ ಗರ್ಭಿಣಿಯರಿಗೆ ಬೇಡ.

ಅಡುಗೆಮನೆಯಲ್ಲಿ ತಕ್ಕಡಿ ಇರುವವರು ದಯವಿಟ್ಟು ಹೀಗೆ ಮಾಡಿ. ಹಸಿ ಮಟನ್ ತೊಳೆಯುವ ಮೊದಲೇ ತೂಗಿ (ತೊಳೆದರೆ ನೀರಿನ ತೂಕ ಸೇರುತ್ತದೆ). ಬೆಂದ ಮೇಲೆ ತುಂಡುಗಳನ್ನು ಸಾರಿನಿಂದ ಸೋಸಿ, ಮಾಂಸ ಬಿಡಿಸಿ, ಮಾಂಸವನ್ನೂ ಮೂಳೆಯನ್ನೂ ಬೇರೆಬೇರೆ ತೂಗಿ. ತೊಡೆಯೋ, ಪಕ್ಕೆಯೋ, ಮಿಶ್ರವೋ, ಕುರಿಯೋ, ಮೇಕೆಯೋ, ಯಾವ ಜಿಲ್ಲೆ ಎಂಬುದನ್ನೂ ಕಾಮೆಂಟಿನಲ್ಲಿ ಬರೆಯಿರಿ. ಪಕ್ಕೆಯ ಅಳತೆ ನಮಗೆ ತೀರಾ ಕಡಿಮೆ ಸಿಕ್ಕಿದೆ.