ಪಿಚರ್‌ನ ಕಮಾಂಡ್ ಅಳೆಯಲು ವಾಕ್‌ಗಳ ಲೆಕ್ಕ ಸಾಕೇ?

ಪ್ರಶ್ನೆ:
ಪಿಚರ್ (ಚೆಂಡೆಸೆಯುವ ಆಟಗಾರ) ಚೆಂಡನ್ನು ಸ್ಟ್ರೈಕ್ ಜೋನ್‌ನೊಳಗೆ (ಬ್ಯಾಟರ್‌ನ ಮುಂದೆ ನೆಲದಲ್ಲಿರುವ ‘ಪ್ಲೇಟ್’ ಎಂಬ ಫಲಕದ ಮೇಲೆ, ಮೊಣಕಾಲಿನಿಂದ ಎದೆಯವರೆಗಿನ ಕಲ್ಪಿತ ಚೌಕ) ಹಾಕಬಲ್ಲ ಸಾಮರ್ಥ್ಯಕ್ಕೆ ‘ಕಂಟ್ರೋಲ್’ ಎಂದೂ, ತಾನು ಗುರಿಯಿಟ್ಟ ಜಾಗಕ್ಕೇ ಹಾಕಬಲ್ಲ ಸಾಮರ್ಥ್ಯಕ್ಕೆ ‘ಕಮಾಂಡ್’ ಎಂದೂ ಬೇಸ್‌ಬಾಲ್ ವಿಶ್ಲೇಷಕರು ಹೇಳುತ್ತಾರೆ. ಒಂಬತ್ತು ಇನ್ನಿಂಗ್ಸ್‌ಗೆ (ಅಂದರೆ ಒಂದು ಪೂರ್ಣ ಪಂದ್ಯಕ್ಕೆ) ಎಷ್ಟು ವಾಕ್ (ಜೋನ್‌ನ ಹೊರಗೆ ಹೋದ ನಾಲ್ಕು ‘ಬಾಲ್’ ಆದಾಗ ಬ್ಯಾಟರ್‌ಗೆ ಪುಕ್ಕಟೆ ಸಿಗುವ ಮೊದಲ ಬೇಸ್) ಕೊಟ್ಟರು ಎಂಬ ಲೆಕ್ಕದಿಂದ ಮೊದಲನೆಯದನ್ನು ಅಂದಾಜು ಮಾಡಬಹುದು. ಎರಡನೆಯದಕ್ಕೆ ನಂಬಬಹುದಾದ ಅಳತೆ ಇದೆಯೇ? ಪ್ರತಿ ಎಸೆತದ ಜಾಡೂ ದಾಖಲಾಗುತ್ತಿರುವಾಗ ಇದು ಕಷ್ಟವಾಗಬಾರದಲ್ಲವೇ?

ಉತ್ತರ 1:
2015ರಿಂದ ಅಗ್ರ ಬೇಸ್‌ಬಾಲ್ ಲೀಗ್ ಆದ ಮೇಜರ್ ಲೀಗ್‌ನ ಎಲ್ಲ ಮೈದಾನಗಳಲ್ಲೂ ಇರುವ ಸ್ಟ್ಯಾಟ್‌ಕಾಸ್ಟ್ ವ್ಯವಸ್ಥೆ ಚೆಂಡು ಎಲ್ಲಿಗೆ ಹೋಯಿತು ಎಂಬುದನ್ನು ಹೇಳುತ್ತದೆಯೇ ಹೊರತು, ಎಲ್ಲಿಗೆ ಹೋಗಬೇಕಿತ್ತು ಎಂಬುದನ್ನಲ್ಲ. ಎರಡು ಸ್ಟ್ರೈಕ್ (ಜೋನ್‌ನೊಳಗೆ ಬಂದ ಇಲ್ಲವೇ ಬ್ಯಾಟರ್ ಬೀಸಿ ತಪ್ಪಿದ ಎಸೆತ; ಮೂರಾದರೆ ಔಟ್) ಆದ ಮೇಲೆ ಬ್ಯಾಟರ್ ಬೀಸಲಿ ಎಂದೇ ನೆಲಕ್ಕೆ ಬೀಳುವಂತೆ ಎಸೆದ ಸ್ಲೈಡರ್ (ಬದಿಗೆ ತಿರುಗುತ್ತ ಇಳಿಯುವ ಎಸೆತ) ಅತ್ಯುತ್ತಮ ಕಮಾಂಡ್ ಆಗಿದ್ದರೂ, ಬ್ಯಾಟರ್ ಬೀಸದೆ ಬಿಟ್ಟರೆ ದಾಖಲೆಯಲ್ಲಿ ಅದು ಬರೀ ಒಂದು ‘ಬಾಲ್’. ಹೊರ ಅಂಚಿಗೆ ಗುರಿಯಿಟ್ಟ ಫಾಸ್ಟ್‌ಬಾಲ್ ತಪ್ಪಿ ಒಳ ಅಂಚಿಗೆ ಬಂದರೂ ಅದು ಸ್ಟ್ರೈಕೇ.

ಈ ಕೊರತೆ ತುಂಬಲು ಸ್ಪೋರ್ಟ್‌ವಿಷನ್ ಸಂಸ್ಥೆಯು ಕಮಾಂಡ್‌ಎಫ್‌ಎಕ್ಸ್ ಎಂಬ ವ್ಯವಸ್ಥೆಯಲ್ಲಿ ಕ್ಯಾಚರ್‌ನ (ಪ್ಲೇಟ್‌ನ ಹಿಂದೆ ಕೂತು ಚೆಂಡು ಹಿಡಿಯುವ ಆಟಗಾರನ) ಗ್ಲವ್ ಇದ್ದ ಜಾಗಕ್ಕೂ ಚೆಂಡು ಬಂದ ಜಾಗಕ್ಕೂ ನಡುವಿನ ಅಂತರವನ್ನು ಅಳೆಯಿತು. ಆದರೆ ಗ್ಲವ್ ಯಾವಾಗಲೂ ಗುರಿಯಲ್ಲ. ಅನೇಕ ಕ್ಯಾಚರ್‌ಗಳು ಗ್ಲವ್ ತೋರಿಸಿ, ಪಿಚರ್ ಕೈ ಬೀಸುವಷ್ಟರಲ್ಲಿ ಅದನ್ನು ಕೆಳಕ್ಕಿಳಿಸುತ್ತಾರೆ. ಕೆಲವರು ಪ್ಲೇಟ್‌ನ ನಡುವೆ ಹಿಡಿದು, ಚೆಂಡಿನ ತಿರುವು ತಾನಾಗಿ ಅಂಚಿಗೆ ಒಯ್ಯಲಿ ಎಂದು ಬಿಡುತ್ತಾರೆ.

ಉತ್ತರ 2:
ಗುರಿಯ ಗೊಡವೆಗೇ ಹೋಗದ ಮಾರ್ಗವೂ ಇದೆ. ‘ಲೊಕೇಷನ್ ಪ್ಲಸ್’ ಎಂಬ ಅಂಕವು ಎಸೆತದ ಬಗೆಯನ್ನೂ ಆ ಹೊತ್ತಿನ ಕೌಂಟ್ (ಅಲ್ಲಿಯವರೆಗಿನ ಬಾಲ್ ಮತ್ತು ಸ್ಟ್ರೈಕ್‌ಗಳ ಲೆಕ್ಕ) ಅನ್ನೂ ನೋಡಿ, ಚೆಂಡು ಬಿದ್ದ ಜಾಗ ಎಷ್ಟು ಲಾಭದ್ದು ಎಂದು ತೂಗುತ್ತದೆ, ಸರಾಸರಿಗೆ 100. ಉಪಯುಕ್ತವೇನೋ ಹೌದು, ಆದರೆ ಅದೃಷ್ಟವಶಾತ್ ಒಳ್ಳೆಯ ಜಾಗಕ್ಕೆ ಬಿದ್ದ ಚೆಂಡಿಗೂ ಅದು ಅಂಕ ಕೊಡುತ್ತದೆ.

ವಾಕ್‌ಗಳ ಲೆಕ್ಕವನ್ನೂ ಹಗುರವಾಗಿ ಕಾಣಬೇಡಿ. 1997ರಲ್ಲಿ ಪಿಚರ್ ಗ್ರೆಗ್ ಮ್ಯಾಡಕ್ಸ್ 230ಕ್ಕೂ ಹೆಚ್ಚು ಇನ್ನಿಂಗ್ಸ್‌ಗಳಲ್ಲಿ ಕೊಟ್ಟದ್ದು 20 ವಾಕ್, ಅದರಲ್ಲಿಯೂ 6 ಉದ್ದೇಶಪೂರ್ವಕ. ಅಂಚುಗಳಲ್ಲೇ ಎಸೆಯುತ್ತ ಇದನ್ನು ಸಾಧಿಸಿದವರಿಗೆ ಕಮಾಂಡ್ ಇರಲಿಲ್ಲ ಎನ್ನುವವರು ಯಾರು?

ಪ್ರಶ್ನೆ ಕೇಳಿದವರು:
ಹಾಗಾದರೆ ಗುರಿಯನ್ನು ಬದಿಗಿಟ್ಟು, ಎಸೆತಗಳು ಎಷ್ಟು ಚದುರಿವೆ ಎಂಬುದನ್ನಷ್ಟೇ ಅಳೆಯಬಹುದೇ?

ಉತ್ತರ 3:
ಅಳೆಯಬಹುದು, ಆದರೆ ಎರಡೂ ಅಂಚುಗಳನ್ನು ಬೇಕೆಂದೇ ಬಳಸುವ ಪಿಚರ್‌ನ ಎಸೆತಗಳು ಸಹಜವಾಗಿಯೇ ಹೆಚ್ಚು ಚದುರಿರುತ್ತವೆ. ಎಸೆತದ ಬಗೆ, ಕೌಂಟ್, ಬ್ಯಾಟರ್ ಎಡಗೈಯವನೋ ಬಲಗೈಯವನೋ ಎಂದು ವಿಂಗಡಿಸುತ್ತ ಹೋದರೆ ಒಂದೊಂದು ಗುಂಪಿನಲ್ಲಿ ಉಳಿಯುವ ಎಸೆತಗಳು ಬೆರಳೆಣಿಕೆಯಷ್ಟು.

ಎಷ್ಟು ನಿಖರತೆಯನ್ನು ನಿರೀಕ್ಷಿಸಬೇಕು ಎಂಬುದನ್ನೂ ಯೋಚಿಸಿ. ಚೆಂಡು ಕೈಬಿಡುವ ಜಾಗದಿಂದ ಪ್ಲೇಟ್‌ಗೆ ಸುಮಾರು 55 ಅಡಿ. ಬಿಡುವ ಕೋನ ಒಂದೇ ಒಂದು ಡಿಗ್ರಿ ತಪ್ಪಿದರೆ ಅಲ್ಲಿಗೆ ತಲುಪುವಷ್ಟರಲ್ಲಿ ಚೆಂಡು ಹನ್ನೊಂದೂವರೆ ಇಂಚು ಸರಿದಿರುತ್ತದೆ; ಪ್ಲೇಟ್‌ನ ಅಗಲವೇ 17 ಇಂಚು. ಆದ್ದರಿಂದ ನಾನು ತಪ್ಪಿದ ದೂರಕ್ಕಿಂತ ತಪ್ಪಿದ ದಿಕ್ಕನ್ನು ನೋಡುತ್ತೇನೆ. ಹೊರ ಅಂಚಿನ ಗುರಿ ತಪ್ಪಿದಾಗ ಚೆಂಡು ಇನ್ನೂ ಹೊರಕ್ಕೆ ಹೋದರೆ ನಷ್ಟ ಒಂದು ಬಾಲ್. ಅಷ್ಟೇ ದೂರ ಒಳಕ್ಕೆ, ಪ್ಲೇಟ್‌ನ ನಡುವಿಗೆ ಬಂದರೆ ಅದು ಹೋಮ್ ರನ್ ಆದೀತು.